ಕೇಳಿದ್ದಕ್ಕಷ್ಟೇ ಉತ್ತರ

ಹಾನಗಲ್ಲಿನ ಕರಿಬಸಪ್ಪನವರ ಮನೆಯ ಕಟ್ಟೆಯ ಮೇಲೆ ತಯಾರಾಗಿ ಹೋದ ಸಾಕ್ಷಿ ಮುನಸೀಫ ಕೋರ್ಟಿನಲ್ಲಿ ಎಂದೂ ತಡವರಿಸಿದ್ದಿಲ್ಲ ಎಂಬ ಮಾತು ತಾಲೂಕಿನಲ್ಲೆಲ್ಲ ಇತ್ತು. ಕರಿಬಸಪ್ಪನವರು ವಕೀಲರಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಅಪ್ಪ ಬಿಟ್ಟುಹೋದ ಭತ್ತದ ಗದ್ದೆಯ ಜೊತೆಗೆ ಅಪ್ಪ ಬಿಟ್ಟುಹೋದ ದಾವೆಗಳನ್ನೂ ಸಾಗುವಳಿ ಮಾಡಿಕೊಂಡು ಬಂದವರು. ಗದ್ದೆಗಿಂತ ದಾವೆಯ ಫಸಲೇ ಹುಲುಸಾಗಿತ್ತು. ಅದರಲ್ಲಿ ಕಲಿತ ವಿದ್ಯೆಯನ್ನು ಬೇಡಿ ಬಂದವರಿಗೆ ಧಾರಾಳವಾಗಿ ಹಂಚುತ್ತಿದ್ದರು. ಬದುವಿನ ಜಗಳವೋ ದಾರಿಯ ಜಗಳವೋ ದತ್ತಕದ ಜಗಳವೋ, ನಾಳೆ ಕಟಕಟೆ ಹತ್ತಬೇಕಾದವನು ಇಂದು ಅವರ ಎದುರು ಬಂದು ಕೂರಬೇಕು. ಅವರೇ ಎದುರು ಪಕ್ಷದ ವಕೀಲರಾಗಿ ಕಣ್ಣು ಕೆಂಪಗೆ ಮಾಡಿಕೊಂಡು ಪಾಟೀಸವಾಲು ಹಾಕುವರು.

"ಕೇಳಿದ್ದಕ್ಕಷ್ಟ ಉತ್ತರ ಕೊಡು, ಯಲ್ಲಪ್ಪ. ಹೊಲದಾಗ ಎಷ್ಟ ಮಾವಿನ ಗಿಡ ಅದಾವ ಅಂದ್ರ ಗಿಡದ ಲೆಕ್ಕಾ ಹೇಳು. ಹಣ್ಣಿನ ರುಚಿ ಹೇಳಾಕ ಹೋಗಬ್ಯಾಡ."

"ಹಣ್ಣ ಭಾಳ ಸಿಹಿ ಅದಾವ್ರಿ, ಯಜಮಾನ್ರ."

"ಅದನ್ನ ಹೇಳಬ್ಯಾಡ ಅನ್ನಾಕತ್ತೇನಲ್ಲೋ! ಹಣ್ಣ ತಿಂದಿ ಅಂದ್ರ ಹೊಲಕ್ಕ ಹೋಗಿದ್ದಿ ಅಂತಾತು. ಯಾಕ ಹೋಗಿದ್ದಿ? ಕದಿಯಾಕ. ಮುಗೀತು. ನೀ ಸಾಕ್ಷಿ ಅಲ್ಲ, ಕಳ್ಳ."

ಅವರ ಮಗಳು ನೀಲವ್ವ ಹುಡುಗಿಯಾಗಿದ್ದಾಗ ಇದನ್ನು ಬಾಗಿಲ ಸಂದಿಯಿಂದ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಂಬತ್ತೆರಡರ ಆ ಮಳೆಗಾಲದಲ್ಲಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹಿಂದಿನ ಕೋಣೆಯ ಹೊರಸಿನ ಮೇಲೆ ಮಲಗಿದ್ದಾಗಲೂ ಅದೇ ಮಾತುಗಳು ಕಿವಿಯ ಹತ್ತಿಯನ್ನು ದಾಟಿ ಬರುತ್ತಿದ್ದವು. ಈಗ ನಗು ಬರುತ್ತಿರಲಿಲ್ಲ. ನಿದ್ದೆಯೂ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ, ಅದನ್ನು ಅವಳು ಕರೆದಿರಲಿಲ್ಲ.

ಕೋಣೆಯ ಕಿಟಕಿಗೆ ಗೋಣಿಚೀಲ ಬಡಿದಿದ್ದರು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ. ತಲೆಗೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ, ಬಾಯಿಗೆ ಬೆಳ್ಳುಳ್ಳಿ ಮತ್ತು ಅಂಟಿನುಂಡಿ. ಬಾಣಂತಿಯ ಮೈಯೊಳಗೆ ಹೊರಗಿನದು ಯಾವುದೂ ಹೋಗದ ಹಾಗೆ ಎಲ್ಲ ಏರ್ಪಾಡೂ ಆಗಿತ್ತು. ಒಳಗಿನದು ಹೊರಗೆ ಬರಬೇಕಾದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿರಲಿಲ್ಲ.

ಅವಳ ರೋಗಕ್ಕೆ ಮನೆಯಲ್ಲಿ ಹಲವು ಹೆಸರುಗಳಿದ್ದವು. ತಾಯಿ ಹೊನ್ನವ್ವ ತಂಡಿ ಹೊಕ್ಕಿದೆ ಎನ್ನುತ್ತಿದ್ದಳು. ಕೂಸಿಗೆ ನೀರು ಹಾಕಲು ದಿನವೂ ಬರುವ ಇಮಾಮಬಿ ಯಾರದೋ ದೃಷ್ಟಿ ಎನ್ನುತ್ತಿದ್ದಳು. ನೋಡಲು ಬಂದ ಚಿಕ್ಕಮ್ಮ ಒಬ್ಬಳು ಬಾಗಿಲಾಚೆ ಹೋಗಿ, ಕೇಳಿಸಲಿ ಎಂಬಷ್ಟು ಮೆಲ್ಲಗೆ, "ಬಾಣಂತಿ ಸನ್ನಿ" ಎಂದು ಹೋಗಿದ್ದಳು. ನೀಲವ್ವನ ಹತ್ತಿರ ಹೆಸರು ಇರಲಿಲ್ಲ. ಅವಳಿಗೆ ತನ್ನ ಕೈಗಳ ಹೆದರಿಕೆ ಇತ್ತು.

ಅದು ಶುರುವಾದದ್ದು ಬಚ್ಚಲಿನಲ್ಲಿ. ಇಮಾಮಬಿ ಕಾಲು ಚಾಚಿ ಕುಳಿತು ಕೂಸನ್ನು ಮೊಳಕಾಲ ಮೇಲೆ ಬೋರಲು ಹಾಕಿಕೊಂಡು ಎರೆಯುತ್ತಿದ್ದಳು. ಪಕ್ಕದಲ್ಲಿ ತಾಮ್ರದ ಹಂಡೆ ಕುದಿಯುತ್ತಿತ್ತು. ನೋಡುತ್ತ ನಿಂತ ನೀಲವ್ವನ ತಲೆಯೊಳಗೆ, ಯಾರೋ ಬೆನ್ನ ಹಿಂದೆ ನಿಂತು ಹೇಳಿದ ಹಾಗೆ, ತಾನು ಕೂಸನ್ನು ಎತ್ತಿ ಆ ಹಂಡೆಯೊಳಗೆ ಹಾಕುತ್ತಿರುವ ಚಿತ್ರ ಬಂತು. ಬಂದು ಹೋಗಿದ್ದರೆ ಅವಳು ಮರೆಯುತ್ತಿದ್ದಳೇನೋ. ಅದು ಹೋಗಲಿಲ್ಲ. ಹಿತ್ತಲ ಬಾವಿ ಕಂಡರೆ ಬಾವಿ, ಮೆಟ್ಟಿಲು ಕಂಡರೆ ಮೆಟ್ಟಿಲು, ಈಳಿಗೆ ಕಂಡರೆ ಈಳಿಗೆ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂರಲು ಕಲಿತಳು. ಕೂಸಿಗೆ ಹಾಲು ಕೊಡುವಾಗ ತಾಯಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು.

"ನನಗ ಬ್ಯಾರೆ ಕೆಲಸ ಇಲ್ಲೇನು? ನೀ ಹಾಲ ಕುಡಸೋದನ್ನ ಪಾರಾ ಕಾಯ್ಲೇನು?" ಎಂದಳು ಹೊನ್ನವ್ವ ಒಂದು ದಿನ.

"ಕೂಸಿನ್ನ ನನ್ನ ಹತ್ರ ಒಂದ ಬಿಟ್ಟ ಹೋಗಬ್ಯಾಡ, ಅವ್ವಾ. ಹೆದರಿಕಿ ಬರತೈತಿ."

"ಹೆದರಿಕಿ ಬಂದ್ರ ತಲಿದಿಂಬ ಬುಡಕ ಕುಡಗೋಲ ಐತೆಲ್ಲಾ. ಕಬ್ಬಿಣ ಇದ್ರ ಯಾವ ಪೀಡಾ ಹತ್ರ ಬರಾಂಗಿಲ್ಲ."

ತನ್ನ ಕೈಗೇ ಹೆದರುವವಳಿಗೆ ಕುಡುಗೋಲು ಕಾವಲು. ನೀಲವ್ವ ಅದನ್ನು ದಿಂಬಿನ ಕೆಳಗಿನಿಂದ ತೆಗೆದು, ಮುಟ್ಟಬಾರದ್ದನ್ನು ಮುಟ್ಟಿದವಳಂತೆ ಬಾಗಿಲಾಚೆ ಸರಿಸಿದಳು. ಹೊನ್ನವ್ವ ಬೈಯುತ್ತ ಮತ್ತೆ ತಂದಿಟ್ಟಳು. ತಾಯಿ ಮಗಳ ನಡುವೆ ಆ ಕುಡುಗೋಲು ಆ ವಾರವೆಲ್ಲ ಓಡಾಡಿತು.

ಐದನೇ ತಿಂಗಳಿಗೆ ಅವಳನ್ನು ಗಂಡನ ಮನೆಗೆ, ಹಿರೇಕೆರೂರಿಗೆ ಕಳಿಸಬೇಕು. ಗಂಡ ಬಸವಣ್ಣೆಪ್ಪ ಗೋವಿನಜೋಳ, ಹತ್ತಿಯ ವ್ಯಾಪಾರದವನು. ಬೆಳಿಗ್ಗೆ ಪೇಟೆಗೆ ಹೋದರೆ ಸಂಜೆಗೆ ಮನೆ. ಅತ್ತೆ ಸತ್ತು ವರ್ಷಗಳಾಗಿದ್ದವು. ಕಿವಿ ಕೇಳದ ಮಾವ ಇದ್ದರು, ಗುಡಿಯ ಕಟ್ಟೆ ಬಿಟ್ಟು ಮನೆಗೆ ಬಂದರೆ ಉಣ್ಣುವುದಕ್ಕಷ್ಟೇ. ಅಂದರೆ ಆ ಮನೆಯಲ್ಲಿ ಹಗಲೆಲ್ಲ ಇರುವುದು ಅವಳು, ಕೂಸು, ಹಿತ್ತಲ ಬಾವಿ. ಅದರೊಳಗೆ ಇದನ್ನು ಯಾರಿಗಾದರೂ ಹೇಳಬೇಕು. ಹೇಳಿದರೆ ಕೂಸನ್ನು ಕಸಿದುಕೊಂಡು ತನ್ನನ್ನು ಎಲ್ಲಿಯಾದರೂ ಕಟ್ಟಿಹಾಕುತ್ತಾರೆ. ಹೇಳದಿದ್ದರೆ ಬಾವಿ. ನೀಲವ್ವ ಈ ಎರಡರ ನಡುವೆ ಓಡಾಡಿ ಓಡಾಡಿ ತೆಳ್ಳಗಾದಳು.

ಕೂಸಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಸರಕಾರಿ ದವಾಖಾನೆಯ ಲೇಡಿ ಡಾಕ್ಟರು ಕೂಸನ್ನು ಬಿಟ್ಟು ತಾಯಿಯನ್ನೇ ನೋಡಿದರು. ಕಣ್ಣ ಕೆಳಗೆ ಕೈಯಾಡಿಸಿ, "ಕಣ್ತುಂಬ ನಿದ್ದಿ ಮಾಡಿ ಎಷ್ಟ ದಿನಾ ಆತವಾ?" ಎಂದರು. ಆಮೇಲೆ ಹೊನ್ನವ್ವನನ್ನು ಕರೆದು, ಧಾರವಾಡದಿಂದ ಮನಸ್ಸಿನ ಡಾಕ್ಟರೊಬ್ಬರು ಪ್ರತಿ ಸೋಮವಾರ ಶಿಗ್ಗಾಂವಿಗೆ ಬರುತ್ತಾರೆಂದೂ ಔಷಧದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂರುತ್ತಾರೆಂದೂ ಹೇಳಿದರು.

"ಗುಳಿಗಿ ಕೊಡತಾರ. ಅದಕ್ಕಿಂತ ಹೆಚ್ಚಿಗಿ ಮಾತಾಡಸತಾರ."

"ಮಾತಾಡಸಾಕ ಶಿಗ್ಗಾಂವಿತನಕಾ ಯಾಕ್ರಿ ಬಾಯಾರ? ಮನ್ಯಾಗ ನಾವ ಇಷ್ಟ ಮಂದಿ ಮಾತಾಡಸವರು ಅದೇವಿ!" ಎಂದಳು ಹೊನ್ನವ್ವ.

ಕರಿಬಸಪ್ಪನವರು ಮಾತ್ರ ಬೇಡ ಎನ್ನಲಿಲ್ಲ. ಶಿಗ್ಗಾಂವಿಯಲ್ಲಿ ತಮ್ಮ ಗುರುತಿನವರಿಲ್ಲ, ಸುದ್ದಿ ಹಬ್ಬುವುದಿಲ್ಲ ಎಂಬುದು ಒಂದು. ಎರಡನೆಯದಾಗಿ ಅವರ ಕಿವಿ ಒಂದು ಮಾತಿಗೆ ನಿಮಿರಿತ್ತು.

"ಏನು, ಪ್ರಶ್ನೆ ಕೇಳತಾನ ಅಂತೇನು?"

"ಹೂಂ ಅಂತ," ಎಂದಳು ಹೊನ್ನವ್ವ.

"ಹಂಗಾರ ತಯಾರಿ ಮಾಡಸಬೇಕು," ಎಂದರು ಅವರು.

ನೀಲವ್ವ ಮಾತ್ರ ಆ ಸುದ್ದಿಗೆ ಎಷ್ಟೋ ದಿನದ ಮೇಲೆ ಒಂದು ತುತ್ತು ಅನ್ನ ರುಚಿಸಿ ಉಂಡಳು. ಕೇಳುವುದೇ ಕಸುಬಾದ ಒಬ್ಬ ಮನುಷ್ಯ. ತಾನಾಗಿ ಬಾಯಿ ತೆರೆಯಬೇಕಾಗಿಲ್ಲ. ಅವರು ಕೇಳುತ್ತಾರೆ, ತಾನು ಹೌದೆಂದರೆ ಸಾಕು.

ಮರುದಿನ ಮಧ್ಯಾಹ್ನ ಕರಿಬಸಪ್ಪನವರು ಬಾಣಂತಿ ಕೋಣೆಯ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಡಾಕ್ಟರಾದರು.

"ನಿದ್ದಿ ಬರತೈತೇನು?"

"ಇಲ್ಲಪ್ಪಾ."

"ತಪ್ಪು. 'ಬರತೈತ್ರಿ' ಅನ್ನು. ಇಲ್ಲಾ ಅಂದಿ ಅಂದ್ರ 'ಯಾಕ' ಅಂತಾನ. ಒಂದ ಸಲ 'ಯಾಕ' ಅನ್ನಾಕ ಬಿಟ್ಟಿ ಅಂದ್ರ ಬಾಗಲಾ ತಗದಂಗ, ಒಳಗ ಬಂದ ಕುಂದ್ರತಾನ."

"ಒಳಗ ಬರಲಿ ಅಂತನ ಹೊಂಟೇವಲ್ಲಪ್ಪಾ?"

"ನಿನಗ ತಿಳ್ಯಾಂಗಿಲ್ಲ, ತಂಗಿ." ಅವರು ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡರು. ದನಿ ತಗ್ಗಿತು. "ನಿನಗ ತಲಿ ಸರಿ ಇಲ್ಲಾ ಅಂತ ಅಂವ ಒಂದ ಗೆರಿ ಬರದ್ರ ಸಾಕು. ಹಿರೇಕೆರೂರಿನವರು ಅದನ್ನ ಹಿಡ್ಕೊಂಡು ಇನ್ನೊಂದ ಲಗ್ನಾ ಮಾಡತಾರ. ಕೂಸು ಅವರ ಕಡೆ ಹೋಗತೈತಿ. ನಿನ್ನ ಹೆದರಸಾಕ ಹೇಳವಲ್ಲೆ. ಇಂಥಾ ದಾವೆ ಕೋರ್ಟಿನ್ಯಾಗ ನಿಂತ ನೋಡೇನಿ. ಆ ಹೆಣಮಗಳು ಕೂಸಿನ ಹೆಸರು ಹಿಡದ ಕೂಗಿದ್ದು ಇನ್ನೂ ಕಿವ್ಯಾಗ ಐತಿ."

ಅಪ್ಪನ ಕಣ್ಣಿನಲ್ಲಿ ನೀರು ಇದ್ದುದನ್ನು ನೀಲವ್ವ ಕಂಡಳು. ಅವರಿಗೆ ಮಗಳನ್ನು ಉಳಿಸಿಕೊಳ್ಳಬೇಕಿತ್ತು, ಉಳಿಸುವ ವಿದ್ಯೆ ಅವರಿಗೆ ಗೊತ್ತಿದ್ದುದು ಒಂದೇ.

"ಅಪ್ಪಾ, ಕೂಸು ಹತ್ರ ಇದ್ರ ನನಗ ಭಾಳ ಹೆದರಿಕಿ..."

"ಹಾಂ, ಇದು. ಇದನ್ನ ಒಟ್ಟ ಬಾಯಿ ಬಿಡಬ್ಯಾಡ. ಕೂಸಿನ ಸುದ್ದಿ ತಗದ್ರ 'ಚಲೋ ಐತ್ರಿ' ಅನ್ನು. ಚಲೋ ಐತಿಲ್ಲೋ ಕೂಸು?"

"ಚಲೋ ಐತಿ."

"ಮತ್ತ? ಸುಳ್ಳೂ ಆಗಲಿಲ್ಲ. ಕೇಳಿದ್ದಕ್ಕಷ್ಟ ಉತ್ತರ. ಇನ್ನೊಮ್ಮೆ ಮೊದಲಿಂದ. ನಿದ್ದಿ ಬರತೈತೇನು?"

"ಬರತೈತ್ರಿ," ಎಂದಳು ನೀಲವ್ವ.

ಸೋಮವಾರ ನಾಲ್ವರೂ ಬಂಕಾಪುರದ ಮೇಲೆ ಹೋಗುವ ಬಸ್ಸು ಹಿಡಿದರು. ಕೂಸು ಕುಂಚಿಗೆಯೊಳಗೆ ಹೊನ್ನವ್ವನ ಮಡಿಲಲ್ಲಿತ್ತು. ಗುರುತಿನವರು ಇಲ್ಲದ ಊರಿಗೆ ಹೋಗುವ ಬಸ್ಸಿನಲ್ಲಿ ಗುರುತಿನವರೇ ತುಂಬಿದ್ದರು. ಶಿಗ್ಗಾಂವಿಯಲ್ಲಿ ಯಾವ ದಾವೆ ಹೂಡಿದ್ದೀರೆಂದು ಎಲ್ಲರೂ ವಿಚಾರಿಸಿದರು. ಕರಿಬಸಪ್ಪನವರು ಅವರಿಗೆಲ್ಲ ಹೇಳಲು ಒಂದು ಹೊಲವನ್ನು ಸೃಷ್ಟಿಸಿ, ಅದಕ್ಕೆ ಬದು ಹಾಕಿ, ಬಂಕಾಪುರ ಬರುವಷ್ಟರಲ್ಲಿ ಅದರಲ್ಲಿ ಒಬ್ಬ ಪ್ರತಿವಾದಿಯನ್ನೂ ಕೂರಿಸಿದ್ದರು.

ಔಷಧದ ಅಂಗಡಿಯ ಹಿಂದೆ ರಟ್ಟಿನ ಖೋಕಿಗಳನ್ನು ಪೇರಿಸಿಟ್ಟ ಕೋಣೆ. ಹೊರಗೆ ಒಂದು ಬೆಂಚು. ಅದರ ಮೇಲೆ ಕುಳಿತವರೆಲ್ಲ ಬೇರೆ ಯಾರದೋ ಸಲುವಾಗಿ ಬಂದವರ ಹಾಗೆ ಮುಖ ಮಾಡಿಕೊಂಡಿದ್ದರು. ಡಾಕ್ಟರು ಐವತ್ತರ ಆಸುಪಾಸಿನವರು, ತೋಳು ಮಡಚಿದ ಅಂಗಿ, ಅವಸರವೇ ಇಲ್ಲದ ಮುಖ. ಕರಿಬಸಪ್ಪನವರು ಹೇಳದೆಯೇ ಒಳಗೆ ಬಂದು, ಮಗಳ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಏನಾಗತೈತಿ, ತಂಗಿ?"

"ಏನೂ ಆಗೂದಿಲ್ರಿ."

"ನಿದ್ದಿ?"

"ಬರತೈತ್ರಿ."

"ಊಟಾ?"

"ಉಣ್ಣತೇನ್ರಿ."

"ಸುಮ್ಮ ಸುಮ್ಮನ ಅಳು ಬರತೈತೇನು?"

"ಇಲ್ರಿ."

"ಕೂಸು ಹೆಂಗೈತಿ?"

"ಚಲೋ ಐತ್ರಿ."

ಉತ್ತರಗಳು ತೊಳೆದ ತಾಟುಗಳ ಹಾಗೆ ಒಂದರ ಮೇಲೊಂದು ಬಂದು ಕುಳಿತವು. ನೀಲವ್ವನಿಗೆ ತನ್ನ ದನಿ ಯಾರದೋ ಎನ್ನಿಸಿತು. ಇನ್ನೊಂದು ಕೇಳಲಿ, ಇನ್ನೊಂದೇ ಒಂದು. ಕೈಯ ಬಗ್ಗೆ ಕೇಳಲಿ. ಯಾಕೆ ಕೈ ಕೆಳಗಿಟ್ಟುಕೊಂಡು ಕೂತಿದ್ದೀ ಎಂದು ಕೇಳಲಿ. ಡಾಕ್ಟರು ಅವಳ ತೊಡೆಯ ಕಡೆ ನೋಡಿದರು, ಆಮೇಲೆ ಅವಳಪ್ಪನ ಕಡೆ ನೋಡಿದರು.

"ಮತ್ತೇನರ ಹೇಳೋದು ಐತೇನವಾ?"

ಬಾಗಿಲು ತೆರೆದಿತ್ತು. ಅವಳ ನಾಲಿಗೆ ಮೇಲೆ ಹಂಡೆ ಎಂಬ ಮಾತು ಬಂದು ಕುಳಿತಿತ್ತು. ಕರಿಬಸಪ್ಪನವರು ಸಣ್ಣಗೆ ಕೆಮ್ಮಿದರು.

"ಏನೂ ಇಲ್ರಿ," ಎಂದಳು ನೀಲವ್ವ.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. "ಇವತ್ತ ನಾನೂ ಏನೂ ಬರಿಯಾಂಗಿಲ್ಲ. ಮುಂದಿನ ಸೋಮವಾರ ಬರ್ರಿ. ಆವತ್ತ ತಂಗಿ ಒಬ್ಬಾಕಿನ ಒಳಗ ಬರ್ಲಿ," ಎಂದರು.

ಹೊರಗೆ ಬಂದ ಕರಿಬಸಪ್ಪನವರು ಗೆದ್ದ ವಕೀಲರ ಹಾಗೆ ನಡೆಯುತ್ತಿದ್ದರು. ಸ್ಟ್ಯಾಂಡಿನಲ್ಲಿ ಸವಣೂರು ಖಾರದ ಪೊಟ್ಟಣ ಕಟ್ಟಿಸಿ ಮಗಳ ಕೈಗೆ ಕೊಟ್ಟರು. ಬಾಣಂತಿಗೆ ಖಾರ ಆಗುವುದಿಲ್ಲವೆಂದು ಹೊನ್ನವ್ವ ಕಸಿದುಕೊಳ್ಳಲು ಹೋದರೆ, "ತಿನ್ನಲಿ ಬಿಡು. ಒಂದ ಗೆರಿ ಬರಿಯಾಕ ಬಿಡಲಿಲ್ಲ ನನ್ನ ಮಗಳು! ಯಲ್ಲಪ್ಪಗ ವರ್ಷಗಟ್ಟಲೆ ಕಲಿಸಿದ್ರೂ ಇಷ್ಟ ಬರಲಿಲ್ಲ," ಎಂದರು. ನೀಲವ್ವ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಉಸುಕು ಅಗಿದ ಹಾಗಾಯಿತು.

ಗೆಲುವಿನ ಸುದ್ದಿಯನ್ನು ತಡೆದಿಟ್ಟುಕೊಳ್ಳುವುದು ಕರಿಬಸಪ್ಪನವರಿಗೆ ಆಗದ ಕೆಲಸ. ಹಿರೇಕೆರೂರಿನ ಸಂತೆಗೆ ಹೊರಟಿದ್ದ ಓಣಿಯ ರಾಜೇಸಾಬನ ಕೈಯಲ್ಲಿ ಅಳಿಯನಿಗೆ ಹೇಳಿ ಕಳಿಸಿದರು: ಧಾರವಾಡದ ದೊಡ್ಡ ಡಾಕ್ಟರು ನೋಡಿದ್ದಾರೆ, ಹುಡುಗಿಗೆ ಏನೂ ಇಲ್ಲ. ಸಂತೆ ಮುಗಿಸಿ ಬಂದ ರಾಜೇಸಾಬ ಕಟ್ಟೆಯ ಕೆಳಗೆ ನಿಂತುಕೊಂಡೇ ಉತ್ತರ ಮುಟ್ಟಿಸಿದ.

"ಸಾವಕಾರ್ರು ಭಾಳ ಖುಷಿ ಆದ್ರು ನೋಡ್ರಿ ಯಜಮಾನ್ರ. ಏನೂ ಇಲ್ಲಾ ಅಂದ್ಮ್ಯಾಲ ಐದನೇ ತಿಂಗಳ ಯಾಕ ಅಂದ್ರು. ಮನ್ಯಾಗ ಹೆಣಮಕ್ಕಳಿಲ್ಲ, ಹೋಟೆಲಿನ ಊಟಕ್ಕ ಹೊಟ್ಟಿ ಕೆಟ್ಟೈತಿ ಅಂದ್ರು. ಶನಿವಾರ ಜೀಪ ತಗೊಂಡ ಬರತಾರಂತ."

ಒಳಗೆ ಹೊರಸಿನ ಮೇಲೆ ನೀಲವ್ವ ಇದನ್ನು ಕೇಳಿದಳು. ತಾನು ಹೇಳಿದ ಸಾಕ್ಷಿಯ ಮೇಲೆಯೇ ತನ್ನ ವಿರುದ್ಧ ತೀರ್ಪು ಆಗಿತ್ತು. ತಪ್ಪಿಲ್ಲದೆ ಹೇಳಿದ್ದಳಲ್ಲ, ಅಪೀಲಿಗೂ ಜಾಗ ಉಳಿದಿರಲಿಲ್ಲ.

"ಅಪ್ಪಾ, ಸೋಮವಾರ ಶಿಗ್ಗಾಂವಿ?"

"ಎದಕ? ತಾರೀಖ ಕೊಟ್ಟಾನ ಅಂತ ಹಾಜರಾಗಬೇಕಂತ ಎಲ್ಲಿ ಐತಿ? ಅಂವನ ಕಡೆ ಏನೂ ಪುರಾವೆ ಇಲ್ಲ."

ಹೊನ್ನವ್ವ ಬುಟ್ಟಿ ಕಟ್ಟಲು ತೊಡಗಿದಳು. ಉಂಡಿಯ ಡಬ್ಬಿ, ಬಜೆ, ಕೂಸಿನ ಕುಲಾವಿ, ದುಪಟಿ. ನೀಲವ್ವ ಮೂಲೆಯಲ್ಲಿ ಕುಳಿತು ಒಂದೊಂದೇ ವಸ್ತು ಬುಟ್ಟಿ ಸೇರುವುದನ್ನು ನೋಡಿದಳು. ಕೂಸಿನಿಂದ ತನ್ನ ಕೈಗಳನ್ನು ದೂರ ಒಯ್ಯಬೇಕು. ಕೈಗಳು ತಾವಾಗಿ ಹೋಗುವುದಿಲ್ಲ, ಜೊತೆಗೆ ತಾನೂ ಹೋಗಬೇಕು. ಊರಂಚಿನ ಆನೆಕೆರೆ ದೂರವಿರಲಿಲ್ಲ. ಈ ಲೆಕ್ಕ ಎಷ್ಟು ಸಲೀಸಾಗಿ ಕೂಡಿ ಬಂತೆಂದರೆ ಅವಳಿಗೆ ಹೆದರಿಕೆಯೂ ಆಗಲಿಲ್ಲ. ಹಾಗೆ ಹೆದರಿಕೆ ಆಗದಿದ್ದುದೇ ಆಮೇಲೆ ಅವಳನ್ನು ನಡುಗಿಸಿತು.

ಶುಕ್ರವಾರ ಬೆಳಿಗ್ಗೆ ಇಮಾಮಬಿ ಕೂಸಿಗೆ ನೀರು ಹಾಕಿ, ಲೋಬಾನದ ಹೊಗೆ ಹಿಡಿದು, ನೀಲವ್ವನ ಮಡಿಲಿಗೆ ಹಾಕಿ ಹೋದಳು. ಹೊನ್ನವ್ವ ಕರಿಬೇವು ತರಲೆಂದು ಹಿತ್ತಲು ದಾಟಿ ಪಕ್ಕದ ಮನೆಗೆ ಹೋದಳು. ಮನೆಯೊಳಗೆ ಸದ್ದಿಲ್ಲ. ಬಚ್ಚಲಿನ ಬಾಗಿಲಿನಿಂದ ಉಗಿ ಬರುತ್ತಿತ್ತು. ಕೂಸು ಬೆಚ್ಚಗೆ, ಹೊಗೆಯ ವಾಸನೆಯಲ್ಲಿ, ಅವಳ ಮೊಣಕೈಗೆ ಮುಖ ಒತ್ತಿಕೊಂಡು ಮಲಗಿತ್ತು. ಚಿತ್ರ ಬಂತು. ಈ ಸಲ ಪೂರ್ತಿ ಬಂತು, ಸದ್ದಿನ ಸಮೇತ.

ನೀಲವ್ವ ಎದ್ದಳು. ಬಾಣಂತಿ ಎದ್ದರೆ ಹೋಗಬೇಕಾದದ್ದು ಬಚ್ಚಲ ಕಡೆಗೆ. ಅವಳು ಆ ಕಡೆಗೆ ಬೆನ್ನು ಹಾಕಿ ಅಡಿಗೆಮನೆ ದಾಟಿದಳು, ಪಡಸಾಲೆ ದಾಟಿದಳು, ಹೆರಿಗೆಯಾದ ಮೇಲೆ ಅಪ್ಪನ ಸಾಕ್ಷಿದಾರರ ಎದುರಿಗೆ ಒಮ್ಮೆಯೂ ಬಾರದವಳು ನೇರ ಕಟ್ಟೆಗೆ ಬಂದು ನಿಂತಳು. ತಲೆಯ ಬಟ್ಟೆ ಹೆಗಲಿಗೆ ಜಾರಿತ್ತು. ಒಂದು ಕಿವಿಯ ಹತ್ತಿ ಎಲ್ಲೋ ಬಿದ್ದಿತ್ತು. ಕರಿಬಸಪ್ಪನವರು ಯಲ್ಲಪ್ಪನಿಗೂ ಇನ್ನಿಬ್ಬರಿಗೂ ಒಂದು ಕಾಲುದಾರಿ ಎಷ್ಟು ಅಗಲವಿತ್ತೆಂದು ನೆನಪು ಮಾಡಿಕೊಡುತ್ತಿದ್ದರು.

"ಅಪ್ಪಾ, ಕೂಸ ಹಿಡಿ."

"ಏ, ಒಳಗ ನಡಿ! ಮಂದಿ ಕುಂತದ್ದ ಕಾಣಸವಲ್ತೇನು?"

"ಮೊದಲ ಹಿಡಿಯಪ್ಪಾ. ನಿನ್ನ ಕಾಲ ಬೀಳತೇನಿ, ಹಿಡಿ."

ಅವರ ಮಡಿಲಿಗೆ ಕೂಸನ್ನು ಇಟ್ಟು, ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೈಗಳನ್ನು ತೊಡೆಯ ಕೆಳಗೆ ತೂರಿಸಿದಳು.

"ನನಗ ಇದನ್ನ ಹಂಡೇದಾಗ ಹಾಕಿಬಿಡತೇನಿ ಅನಸತೈತಿ. ದಿನಾ ಅನಸತೈತಿ. ಬಾವಿ ಕಂಡ್ರ ಬಾವ್ಯಾಗ. ನನಗ ಬ್ಯಾಡಾಗೇತಿ, ಆದ್ರೂ ಅನಸತೈತಿ. ಈಗ ಅನಿಸ್ತು, ಎದ್ದ ಓಡಿ ಬಂದೆ. ನಾಳೆ ಹಿರೇಕೆರೂರಿನ್ಯಾಗ ಎಲ್ಲಿಗೆ ಓಡಿ ಹೋಗ್ಲಿ? ಯಾರ ಮಡ್ಲಾಗ ಹಾಕ್ಲಿ?"

ಮೊದಲು ಎದ್ದವನು ಯಲ್ಲಪ್ಪ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಇಷ್ಟು ವರ್ಷದ ಪಾಠ ಕೈಗೂಡಿದವನಂತೆ ಹೇಳಿದ:

"ನನ್ನ ಕಿವಿಗೇನೂ ಬಿದ್ದಿಲ್ರಿ, ಯಜಮಾನ್ರ. ನಾ ಇವತ್ತ ಇಲ್ಲಿಗೆ ಬಂದಽ ಇಲ್ರಿ."

ಇಂಥ ಸಾಕ್ಷಿಗಾಗಿ ಕರಿಬಸಪ್ಪನವರು ಜೀವಮಾನವೆಲ್ಲ ಕಾದಿದ್ದರು. ಈಗ ಸಿಕ್ಕಿದ್ದ. ಅವರು ಅವನನ್ನು ನೋಡಿದರು, ಮಡಿಲಲ್ಲಿ ಕಣ್ಣು ಬಿಟ್ಟುಕೊಂಡು ತಮ್ಮ ಮೀಸೆಯನ್ನು ನೋಡುತ್ತಿದ್ದ ಕೂಸನ್ನು ನೋಡಿದರು.

"ಬಿದ್ದೈತಿ, ಯಲ್ಲಪ್ಪ. ಎಲ್ಲಾರ ಕಿವಿಗೂ ಬಿದ್ದೈತಿ," ಎಂದರು. "ನೀವ ಮನಿಗೆ ನಡೀರಿ ಈಗ."

ಆ ದಿನ ಹೊನ್ನವ್ವ ಗೋಡೆಗೆ ಒರಗಿ ಅತ್ತಳು, ಕುಡುಗೋಲನ್ನು ತಾನೇ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದಳು, ಬಂದು ಮತ್ತೆ ಅತ್ತಳು. ಮರುದಿನ ಜೀಪು ಬಂತು. ಬಸವಣ್ಣೆಪ್ಪ ಇಸ್ತ್ರಿ ಅಂಗಿಯಲ್ಲಿ, ಕೂಸಿಗೊಂದು ಗಿಲಕಿ ಹಿಡಿದುಕೊಂಡು ಬಂದಿದ್ದ. ಬಾಗಿಲ ಹಿಂದೆ ನಿಂತು ನೀಲವ್ವ ಕೇಳಿಸಿಕೊಂಡಳು.

"ಡಾಕ್ಟರು ಏನೂ ಇಲ್ಲಾ ಅಂದಾರಂತ ನೀವ ಹೇಳಿ ಕಳಿಸಿದ್ರೆಲ್ರಿ, ಮಾವಾರ?"

"ನಾ ಹೇಳಿ ಕಳಿಸಿದ್ದು ಸುಳ್ಳು."

"ಅಂದ್ರ?"

ಕರಿಬಸಪ್ಪನವರು ಹೇಳಿದರು. ಬಾವಿ, ಹಂಡೆ, ಎಲ್ಲ. ಹೇಳುವಾಗ ಅವರು ತಡವರಿಸಿದರು. ಸಾಕ್ಷಿ ಹೇಳುವುದನ್ನು ಅಷ್ಟು ಜನರಿಗೆ ಕಲಿಸಿದವರು, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಮಾಡಿ, ನಡುವೆ ಮೂಗು ಒರೆಸಿಕೊಂಡು ಹೇಳಿದರು. ಬಸವಣ್ಣೆಪ್ಪ ಗಿಲಕಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ. ಅದು ಸದ್ದು ಮಾಡಿದಾಗೊಮ್ಮೆ ಬೆಚ್ಚುತ್ತಿದ್ದ.

"ಅಪ್ಪಗ ಏನ ಹೇಳ್ಲಿರಿ ನಾ? ಓಣಿಯವರಿಗೆ ಏನ ಹೇಳ್ಲಿ?"

"ನನಗೂ ಗೊತ್ತಾಗವಲ್ದು, ತಮ್ಮಾ."

ಅವನು ಚಹಾ ಕುಡಿಯದೆ ಎದ್ದ. ಗಿಲಕಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದ. ಅದು ಕೂಸಿಗೆ ಕೊಟ್ಟು ಹೋದದ್ದೋ ಮರೆತು ಹೋದದ್ದೋ ಎಂದು ಹೊನ್ನವ್ವ ಎರಡು ದಿನ ಚರ್ಚೆ ಮಾಡಿದಳು.

ಸೋಮವಾರ ಹೊನ್ನವ್ವನಿಗೆ ಜ್ವರ. ಅಪ್ಪ, ಮಗಳು, ಕೂಸು ಮೂವರೇ ಹೋದರು. ಕರಿಬಸಪ್ಪನವರು ಕೂಸನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಉಳಿದರು. ನೀಲವ್ವ ಒಬ್ಬಳೇ ಒಳಗೆ ಹೋಗಿ, ಡಾಕ್ಟರು ಬಾಯಿ ತೆರೆಯುವ ಮೊದಲೇ ಎಲ್ಲ ಹೇಳಿಬಿಟ್ಟಳು. ಉಸಿರು ತೆಗೆದುಕೊಳ್ಳಲು ನಿಂತರೆ ಮತ್ತೆ ಶುರುಮಾಡಲಾರೆ ಎಂಬ ಹೆದರಿಕೆಯಿಂದ ಒಂದೇ ದಮ್ಮಿಗೆ ಹೇಳಿದಳು.

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹಂಗ ಅನಿಸಿದಾಗ ಮಾಡಬೇಕಂತ ಆಸೆ ಆಗತೈತೋ, ಹೆದರಿಕಿ ಆಗತೈತೋ?"

"ಹೆದರಿಕಿರಿ. ಕೈ ಕಡಕೊಂಡ ಒಗಿಬೇಕು ಅನಸತೈತಿ."

"ಎಂದರ ಮಾಡಾಕ ಹೋಗಿದ್ದೇನು?"

"ಇಲ್ರಿ. ಓಡಿ ಹೋಗೇನಿ."

"ಬಾಣಂತ್ಯಾರಿಗೆ ಬರೋ ಬ್ಯಾನಿ ಇದು, ತಂಗಿ. ಭಾಳ ಮಂದಿಗೆ ಬರತೈತಿ. ಇಲ್ಲಿಗೆ ಬಂದವರು ಒಬ್ಬಾಕಿ ಬಾವಿ ಹೇಳತಾಳ, ಒಬ್ಬಾಕಿ ಮಾಳಿಗಿ ಹೇಳತಾಳ. ಮನಿಗೆ ಹೋಗಿ ಎಲ್ಲಾರೂ ಬಾಯಿ ಮುಚ್ಕೊಂಡಿರತಾರ, ಅದಕ್ಕ ನಿನಗ ನೀ ಒಬ್ಬಾಕೆ ಅನಸತೈತಿ. ಇರ್ಲಿ. ನಿನ್ನ ಜೀವಾ ತಕ್ಕೋಬೇಕಂತ ಅನಿಸಿತ್ತೇನು?"

ಇದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಅದು ಬಂದ ದಿನಾ ಸೋಮವಾರದ ಹಾದಿ ನೋಡಬ್ಯಾಡ. ಅವತ್ತ, ಆವಾಗ್ಲೆ, ಅಪ್ಪಗೋ ಅವ್ವಗೋ ಹೇಳಬೇಕು. ಹೇಳತೀ?"

"ಹೇಳತೇನ್ರಿ. ಕೂಸಿನ್ನ ಕಸ್ಕೋತೀರೇನ್ರಿ?"

"ನಾ ಕಸ್ಕೊಂಡ ಏನ ಮಾಡ್ಲಿ? ನನ್ನ ಹತ್ರ ಹಾಲು ಎಲ್ಲೈತಿ?"

ನೀಲವ್ವನಿಗೆ ನಗು ಬರಬೇಕಿತ್ತು. ಅಳು ಬಂತು. ಅಳು ಮುಗಿಯುವವರೆಗೆ ಅವರು ಕಾದರು, ಆಮೇಲೆ ಪೆನ್ನು ತೆರೆದರು.

"ಈಗ ಒಂದ ಮಾತು ತಿಳ್ಕೊಂಡ ಹೋಗು. ಇವತ್ತ ಇಲ್ಲಿಂದ ಆರಾಮ ಆಗಿ ಹೊರಗ ಹೋಗಾಂಗಿಲ್ಲ ನೀ. ಗುಳಿಗಿ ಹತ್ತಾಕ ವಾರಗಟ್ಟಲೆ ಬೇಕು. ಬಾಯಿ ಒಣಗತೈತಿ. ನಡುವ ಒಂದೆರಡ ದಿನಾ ಹೆಚ್ಚಾದಂಗೂ ಅನಸಬಹುದು, ಆಗ ಹೆದರಿ ಬಿಡಬ್ಯಾಡ. ಬಂದಾಗೊಮ್ಮೆ ಮಾತಾಡಬೇಕು. ನಾ ಕೇಳೋದೆಲ್ಲಾ ಸರಿ ಇರತಾವ ಅಂತ ತಿಳೀಬ್ಯಾಡ. ತಪ್ಪ ಕೇಳಿದ್ರ 'ಅದಲ್ರಿ, ಇದು' ಅಂತ ಹೇಳಬೇಕು. ಹೋದ ವಾರ ನಾ ಕೇಳಿದ್ದು ಒಂದೂ ಉಪಯೋಗ ಇರಲಿಲ್ಲ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೇಳಿದೊಡನೆ ಅದು ಹೋಗುತ್ತದೆಂದು ಅವಳು ನಂಬಿದ್ದಳು. ಒಳಗೆ ಹುಡುಕಿ ನೋಡಿದಳು. ಹಂಡೆ ಅಲ್ಲೇ ಇತ್ತು, ಕುದಿಯುತ್ತಲೇ ಇತ್ತು. ಅವಳಿಗೆ ಸಿಟ್ಟು ಬಂತು.

"ಹಂಗಾರ ಇಷ್ಟೆಲ್ಲಾ ಹೇಳಿ ಏನ ಬಂತ್ರಿ?"

"ಇನ್ನೂ ಏನೂ ಬಂದಿಲ್ಲ," ಎಂದರು ಡಾಕ್ಟರು. "ಬರತೈತಿ. ಲಗೂನ ಅಲ್ಲ."

ಆಮೇಲೆ ಕರಿಬಸಪ್ಪನವರನ್ನು ಕರೆದು, ಇವಳನ್ನು ಈಗ ಎಲ್ಲಿಗೂ ಕಳಿಸಬಾರದೆಂದೂ, ಕೂಸಿನ ಜೊತೆ ಒಬ್ಬಳನ್ನೇ ಬಿಡಬಾರದೆಂದೂ, ಹಾಗೆಂದು ಕೂಸನ್ನು ಅವಳಿಂದ ದೂರ ಇಡಲೂಬಾರದೆಂದೂ ಹೇಳಿದರು.

"ಎಷ್ಟ ದಿನಾ ಬೇಕಾಗತೈತ್ರಿ, ಸಾಹೇಬ್ರ?"

"ತಿಂಗಳಗಟ್ಟಲೆ."

"ಹಿರೇಕೆರೂರಿನವರಿಗೆ ಏನ ಹೇಳೂಣ್ರಿ?"

"ಖರೇ ಹೇಳ್ರಿ."

"ಅದನ್ನ ಹೇಳಿ ರೂಢಿ ಇಲ್ರಿ ನನಗ," ಎಂದರು ಕರಿಬಸಪ್ಪನವರು. "ಶನಿವಾರ ಒಮ್ಮೆ ಹೇಳೇನಿ. ಮನಷ್ಯಾ ಚಹಾ ಕುಡೀದ ಎದ್ದ ಹೋದ."

ಬಸ್ಸು ಶಿಗ್ಗಾಂವಿ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಕೂಸು ಹಸಿದು ಅತ್ತಿತು. ಕರಿಬಸಪ್ಪನವರು ಕುಣಿಸಿದರು, ಲೊಚಗುಟ್ಟಿದರು, ಮೀಸೆ ತೋರಿಸಿದರು. ನೀಲವ್ವನ ಕುಪ್ಪಸ ಒದ್ದೆಯಾಯಿತು. ಹಿಂದಿನ ಸೀಟಿನ ಮುದುಕಿ, "ಕೂಸ ಅಷ್ಟ ಅಳಾಕತ್ತೈತಿ, ಹಾಲ ಕೊಡವಾ! ಹೆಂಥಾ ತಾಯಿ!" ಎಂದಳು.

"ಕೊಡಪ್ಪಾ ಇಲ್ಲಿ," ಎಂದಳು ನೀಲವ್ವ. "ಕೊಟ್ಟು, ಅದರ ಕಾಲ ಹಿಡ್ಕೊಂಡಿರು. ನಾ ಹೇಳೂತನಕಾ ಬಿಡಬ್ಯಾಡ."

ಸೆರಗಿನೊಳಗೆ ಕೂಸಿನ ತಲೆ, ಹೊರಗೆ ಅಪ್ಪನ ಮುಷ್ಟಿಯಲ್ಲಿ ಎರಡು ಪುಟ್ಟ ಕಾಲು. ಅವರು ಮುಖವನ್ನು ಆಚೆ ತಿರುಗಿಸಿಕೊಂಡು, ಕೈ ಮಾತ್ರ ಬಿಗಿಯಾಗಿ ಹಿಡಿದು ಕುಳಿತರು. ಹಾಲು ಇಳಿಯಿತು. ಬೇಲಿ, ಗದ್ದೆ, ಮೈಲುಗಲ್ಲು ಹಿಂದಕ್ಕೆ ಓಡುತ್ತಿದ್ದವು. ನೀಲವ್ವನ ಪಕ್ಕದಲ್ಲಿ ಕಿಟಕಿ ತೆರೆದಿತ್ತು.

"ಬಂತಪ್ಪಾ," ಎಂದಳು ಮೆಲ್ಲಗೆ.

"ಏನು?"

"ಅದು. ಈ ಸಲ ಕಿಡಕಿ."

ಕರಿಬಸಪ್ಪನವರು ಕೂಸಿನ ಕಾಲನ್ನು ಬಿಡದೆ, ಓಡುವ ಬಸ್ಸಿನಲ್ಲಿ ಅರ್ಧ ಎದ್ದು, ಮಗಳನ್ನು ಹಾಲು ಕುಡಿಯುವ ಕೂಸಿನ ಸಮೇತ ಈಚೆ ಸರಿಸಿ, ತಾವು ತೂರಿಕೊಂಡು ಆಚೆ ಹೋಗಿ ಕಿಟಕಿಗೆ ಅಡ್ಡವಾಗಿ ಕುಳಿತರು. ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಖಾಲಿ ಕೈ ಇರಲಿಲ್ಲ.

"ಇನ್ನೂ ಐತೇನು?"

"ಐತಿ."

ಬಂಕಾಪುರದಲ್ಲಿ ಬಸ್ಸು ನಿಂತಿತು. ಒಂದಿಷ್ಟು ಜನ ಇಳಿದರು, ಅದಕ್ಕಿಂತ ಹೆಚ್ಚು ಜನ ಹತ್ತಿದರು.

"ಈಗ?" ಎಂದರು ಕರಿಬಸಪ್ಪನವರು.